ಕಂಬಿ ಉಳಿದ ಊರು

ಇಂಗ್ಲೆಂಡ್ ದೇಶದ ನೈರುತ್ಯದಲ್ಲಿ, ಸಮುದ್ರದೊಳಕ್ಕೆ ಕಾಲು ನೀಡಿದಂತೆ ಚಾಚಿಕೊಂಡಿರುವ ಒಂದು ಭೂಭಾಗವುಂಟು. ಅದರ ತುದಿಯಲ್ಲಿರುವುದು ಕಾರ್ನ್‌ವಾಲ್. ಅದಕ್ಕೆ ಹೊಂದಿಕೊಂಡು ಮೂಡಲಿಗಿರುವುದು ಡೆವನ್ ಪ್ರಾಂತ. ಡೆವನ್ನಿನ ದಕ್ಷಿಣಭಾಗದಲ್ಲಿ ಡಾರ್ಟ್‌ಮೂರ್ ಎಂಬ ಎತ್ತರವಾದ ಬಯಲು ಹಬ್ಬಿದೆ. ಅಲ್ಲಿ ಹೊಲವೂ ವಿರಳ, ಮರವೂ ವಿರಳ. ಎತ್ತ ನೋಡಿದರೂ ಹುಲ್ಲು, ಜವುಗುನೆಲ, ಗುಡ್ಡದ ನೆತ್ತಿಯ ಮೇಲೆ ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತ ಗ್ರಾನೈಟ್ ಬಂಡೆಗಳು, ಅವುಗಳ ನಡುವೆ ಮೇದುಕೊಂಡಿರುವ ಗಿಡ್ಡ ಕುದುರೆಗಳು. ಷೆರ್ಲಾಕ್ ಹೋಮ್ಸನ ಪತ್ತೇದಾರಿಯನ್ನು ಓದಿದ ವಾಚಕರಿಗೆ, ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕಥೆ ನಡೆದ ಸ್ಥಳವೆಂದರೆ ಇದು ಒಡನೆಯೇ ನೆನಪಿಗೆ ಬಂದೀತು. ಈ ಬಯಲಿನ ಬಡಗಣ ಅಂಚಿನಲ್ಲಿ, ಬೆಟ್ಟ ಮುಗಿದು ಬೇಸಾಯದ ನೆಲ ಮೊದಲಾಗುವೆಡೆಯಲ್ಲಿ, ಓಕ್‌ಹ್ಯಾಂಪ್ಟನ್ ಎಂಬ ಸಣ್ಣದೊಂದು ಸಂತೆಯ ಊರಿದೆ.

ಜನಸಂಖ್ಯೆ ಕೆಲವೇ ಸಾವಿರ. ದೊಡ್ಡ ಕಾರ್ಖಾನೆಗಳಿಲ್ಲ, ಜಗತ್ತೆಲ್ಲ ಬಂದು ನೋಡುವಂಥ ದೇವಾಲಯವಾಗಲಿ ಅರಮನೆಯಾಗಲಿ ಇಲ್ಲ. ಆದರೂ ಈಚಿನ ವರ್ಷಗಳಲ್ಲಿ ಈ ಊರಿನ ಹೆಸರು ಆ ದೇಶದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು. ಅದಕ್ಕೆ ಕಾರಣ ಇಲ್ಲಿನ ರೈಲು. 1972ನೆಯ ಇಸವಿಯಲ್ಲಿ ಇಲ್ಲಿಗೆ ದಿನವೂ ಬರುತ್ತಿದ್ದ ಪ್ರಯಾಣಿಕರ ರೈಲು ನಿಂತುಹೋಯಿತು. 2021ರಲ್ಲಿ ಅದು ಮರಳಿ ಬಂದಿತು. ನಡುವೆ ಕಳೆದ ನಾಲ್ವತ್ತೊಂಬತ್ತು ವರ್ಷಗಳಲ್ಲಿ, ಒಂದು ಸಣ್ಣ ಊರಿನ ರೈಲಿಗೆ ಹಣವನ್ನು ಯಾರು ಕೊಡಬೇಕು, ಏತಕ್ಕೆ ಕೊಡಬೇಕು ಎಂಬ ವಾದ ನಡೆದುಬಂದಿತು. ಊರನ್ನು ನೋಡಲು ಹೋಗುವವರು ಈ ಕಥೆಯನ್ನೂ ತಿಳಿದು ಹೋದರೆ, ಅಲ್ಲಿ ಕಣ್ಣಿಗೆ ಬೀಳುವ ಸಾಮಾನ್ಯವಾದ ಕಲ್ಲು ಕಂಬಿಗಳಿಗೂ ಅರ್ಥ ಬರುವುದು.

ಡೆವನ್ನಿನ ಮುಖ್ಯ ಪಟ್ಟಣ ಎಕ್ಸೆಟರ್. ಲಂಡನ್ನಿನಿಂದ ಬರುವ ಪ್ರಯಾಣಿಕನು ಅಲ್ಲಿನ ಸೇಂಟ್ ಡೇವಿಡ್ಸ್ ನಿಲ್ದಾಣದಲ್ಲಿ ಇಳಿದು, ಎರಡು ಮೂರು ಗಾಡಿಗಳ ಪುಟ್ಟದೊಂದು ರೈಲನ್ನು ಹತ್ತಬೇಕು. ಓಕ್‌ಹ್ಯಾಂಪ್ಟನ್ ಅಲ್ಲಿಂದ ಸುಮಾರು 25 ಮೈಲಿ. ಪಯಣ ಹೆಚ್ಚುಕಡಮೆ 40 ನಿಮಿಷದ್ದು. ಪಟ್ಟಣವನ್ನು ಬಿಟ್ಟ ಸ್ವಲ್ಪ ಹೊತ್ತಿಗೆಲ್ಲ ಗದ್ದೆ ಬದುಗಳಂತೆ ಬೇಲಿಗಳಿಂದ ಕೂಡಿದ ಹಸಿರು ಹುಲ್ಲುಗಾವಲುಗಳು ಕಾಣತೊಡಗುವುವು. ಉತ್ತ ನೆಲವಿರುವ ಕಡೆ ಮಣ್ಣು ನಮ್ಮ ಮಲೆನಾಡಿನ ಮಣ್ಣಿನಂತೆ ಕೆಂಪಗಿರುವುದನ್ನು ಕಂಡು ಕನ್ನಡಿಗನಿಗೆ ಸಂತೋಷವಾಗದಿರದು. ಹಳ್ಳಿಯ ಮನೆಗಳು ಗುಂಪು ಗುಂಪಾಗಿರದೆ ದೂರ ದೂರ ಚೆಲ್ಲಿವೆ. ಇಳಿಜಾರುಗಳಲ್ಲಿ ಕುರಿಗಳು ಮೇಯುತ್ತಿರುವುವು.

ಕ್ರೆಡಿಟನ್ ಎಂಬ ಊರನ್ನು ದಾಟಿದ ಮೇಲೆ ಒಂದು ವಿಚಿತ್ರವನ್ನು ನೋಡಬಹುದು. ಅಲ್ಲಿಂದ ಮುಂದಕ್ಕೆ ಎರಡು ದಾರಿಗಳು ಪಕ್ಕಪಕ್ಕದಲ್ಲಿಯೇ ಸಾಗುವುವು. ನೋಡಿದವರು, ಹೋಗುವ ಬಂಡಿಗೊಂದು ಬರುವ ಬಂಡಿಗೊಂದು, ಜೋಡಿದಾರಿ ಎಂದು ಬಗೆಯುವರು. ವಾಸ್ತವವಾಗಿ ಅವು ಎರಡು ಬೇರೆ ಬೇರೆ ಒಂಟಿದಾರಿಗಳು. ಒಂದು ಬಡಗಲಿಗೆ ಬಾರ್ನ್‌ಸ್ಟಪಲ್ ಎಂಬ ಊರಿಗೆ ಹೋಗತಕ್ಕದ್ದು. ಇನ್ನೊಂದು ಓಕ್‌ಹ್ಯಾಂಪ್ಟನ್ನಿಗೆ ಹೋಗತಕ್ಕದ್ದು. ಕೆಲವು ಮೈಲಿ ಜೊತೆಯಾಗಿ ನಡೆದು, ಕೋಲ್‌ಫರ್ಡ್ ಎಂಬಲ್ಲಿ ಅವು ಅಗಲುವುವು. ಬಾರ್ನ್‌ಸ್ಟಪಲ್ಲಿನ ದಾರಿಯಲ್ಲಿ ಪ್ರಯಾಣಿಕರ ಸಂಚಾರ ಎಂದೂ ನಿಲ್ಲಲಿಲ್ಲ. ಅದರ ಪಕ್ಕದ ದಾರಿಗೆ ಒದಗಿದ ಗತಿ ಬೇರೆ.

ಇಲ್ಲಿಂದ ರೈಲು ಏರತೊಡಗುವುದು. ಟಾ ನದಿಯನ್ನು ದಾಟಿ, ಸ್ಯಾಂಪ್‌ಫರ್ಡ್ ಕೋರ್ಟ್ನೆ ಎಂಬ ಹಳ್ಳಿಯ ಸಮೀಪದಲ್ಲಿ ಹೋಗುತ್ತದೆ. ಈ ಹಳ್ಳಿಯವರು ಹಟಕ್ಕೆ ಹೆಸರಾದವರು. 1549ರಲ್ಲಿ ದೊರೆಯ ಸರಕಾರ ಹಳೆಯ ಲ್ಯಾಟಿನ್ ಪೂಜಾವಿಧಿಯನ್ನು ತೆಗೆದು ಇಂಗ್ಲಿಷಿನ ಹೊಸ ಪ್ರಾರ್ಥನಾ ಪುಸ್ತಕವನ್ನು ಕಡ್ಡಾಯ ಮಾಡಿದಾಗ, ಮೊದಲು ತಿರುಗಿಬಿದ್ದದ್ದು ಈ ಹಳ್ಳಿಯ ಚರ್ಚಿನಲ್ಲಿ ನೆರೆದ ಜನ. ಆ ದಂಗೆ ಡೆವನ್ ಕಾರ್ನ್‌ವಾಲ್‌ಗಳಿಗೆಲ್ಲ ಹಬ್ಬಿ, ಬಹು ರಕ್ತಪಾತವಾಗಿ ಅಡಗಿತು. ಅದು ಹಾಗಿರಲಿ. ಹಳ್ಳಿ ಹಿಂದಾದಂತೆ ದಕ್ಷಿಣದಲ್ಲಿ ಡಾರ್ಟ್‌ಮೂರಿನ ಬೆಟ್ಟದ ಸಾಲು ಎದ್ದು ನಿಲ್ಲುವುದು. ಆಮೇಲೆ ರೈಲು ಊರಿಗೆ ಮೇಲಾಗಿ, ಬೆಟ್ಟದ ಮಗ್ಗುಲಲ್ಲಿ ಕೊರೆದು ಮಾಡಿದ ನಿಲ್ದಾಣದಲ್ಲಿ ನಿಲ್ಲುತ್ತದೆ.

ನಿಲ್ದಾಣ ಊರಿನಿಂದ ಬಹಳ ಎತ್ತರದಲ್ಲಿದೆ. ಇಳಿದವರು ಕಡಿದಾದ ಬೀದಿಯಲ್ಲಿ ನಡೆದು ಊರನ್ನು ಸೇರಬೇಕು. ಮರಳುವಾಗ ಉಸಿರುಗಟ್ಟಿಕೊಂಡು ಹತ್ತಬೇಕು. ಕಟ್ಟಡವನ್ನು ಹಳೆಯ ದಕ್ಷಿಣ ರೈಲ್ವೆಯ ಕಾಲದ ಹಸಿರು ಬಣ್ಣದಲ್ಲಿಯೇ ಅಚ್ಚುಕಟ್ಟಾಗಿ ಇಟ್ಟಿರುವರು. ಕೆಳಗೆ ಪೂರ್ವ ಓಕ್‌ಮೆಂಟ್, ಪಶ್ಚಿಮ ಓಕ್‌ಮೆಂಟ್ ಎಂಬೆರಡು ಹೊಳೆಗಳು ಡಾರ್ಟ್‌ಮೂರಿನಿಂದ ಇಳಿದು ಬಂದು ಕೂಡುವುವು. ಆ ಸಂಗಮದ ಬಳಿಯಲ್ಲಿಯೇ ಊರು. ಪಶ್ಚಿಮದ ಹೊಳೆಯ ದಡದಲ್ಲಿ, ದಿಬ್ಬದ ಮೇಲೆ, ನಾರ್ಮನ್ ಪ್ರಭುಗಳು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಕೋಟೆಯ ಅವಶೇಷವುಂಟು. ಹದಿನಾರನೆಯ ಶತಮಾನದಲ್ಲಿ ಅದರ ಒಡೆಯನು ದೊರೆ ಎಂಟನೆಯ ಹೆನ್ರಿಯ ಕೋಪಕ್ಕೆ ಗುರಿಯಾಗಿ ತಲೆ ಕಳೆದುಕೊಂಡ ಬಳಿಕ ಕೋಟೆ ಹಾಳುಬಿದ್ದಿತು. ಪಟ್ಟಣಕ್ಕೆ ಒಮ್ಮೆ ಪಾರ್ಲಿಮೆಂಟಿನಲ್ಲಿ ಎರಡು ಸ್ಥಾನಗಳಿದ್ದುವು. ಹಿರಿಯ ವಿಲಿಯಂ ಪಿಟ್ಟನು 1756-57ರಲ್ಲಿ ಈ ಊರಿನ ಪ್ರತಿನಿಧಿಯಾಗಿದ್ದನು. 1832ರ ಸುಧಾರಣೆಯಲ್ಲಿ ಆ ಎರಡು ಸ್ಥಾನಗಳೂ ಹೋದುವು. ಬಯಲಿನ ಅತಿ ಎತ್ತರದ ಶಿಖರಗಳಾದ ಹೈ ವಿಲ್‌ಹೇಸ್ ಮತ್ತು ಯೆಸ್ ಟಾರ್ ಊರಿನಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿವೆ. ಮೊದಲನೆಯದು 621 ಮೀಟರು, ಎರಡನೆಯದು 619. ನಡೆಯಬಲ್ಲವರಿಗೆ ಒಂದು ದಿನದ ಪ್ರಯಾಣ.

ಇಂಥ ಊರಿಗೆ ರೈಲು ಬಂದದ್ದು ಎರಡು ದೊಡ್ಡ ಕಂಪನಿಗಳ ಪೈಪೋಟಿಯಿಂದ. ಗ್ರೇಟ್ ವೆಸ್ಟರ್ನ್ ಎಂಬ ಕಂಪನಿಯ ಕೈಯಲ್ಲಿ ಎಕ್ಸೆಟರ್‌ನಿಂದ ಕಡಲ ಕರೆಯನ್ನು ಹಿಡಿದು ಪ್ಲಿಮತ್ ರೇವಿಗೆ ಹೋಗುವ ದಾರಿಯಿತ್ತು. ಅದಕ್ಕೆ ಎದುರಾಗಿ ಲಂಡನ್ ಅಂಡ್ ಸೌತ್ ವೆಸ್ಟರ್ನ್ ಕಂಪನಿ ಡಾರ್ಟ್‌ಮೂರಿನ ಬಡಗಣ ಮಗ್ಗುಲನ್ನು ಬಳಸಿ ಇನ್ನೊಂದು ದಾರಿಯನ್ನು ಹಾಕತೊಡಗಿತು. ಕೋಲ್‌ಫರ್ಡಿನಿಂದ ಹೊರಟ ಕಂಬಿ 1865ರಲ್ಲಿ ನಾರ್ತ್ ಟಾಟನ್ನನ್ನೂ, 1871ನೆಯ ಅಕ್ಟೋಬರ್ 3ರಂದು ಓಕ್‌ಹ್ಯಾಂಪ್ಟನ್ನನ್ನೂ ಮುಟ್ಟಿತು. ಊರಿನ ಮುಂದೆ ಎರಡು ಮೈಲಿಯಲ್ಲಿ ಮೆಲ್ಡನ್ ಎಂಬಲ್ಲಿ ಆಳವಾದ ಕಣಿವೆ ಅಡ್ಡ ಬಂದಿತು. ಅದರ ಮೇಲೆ ಸುಮಾರು 150 ಅಡಿ ಎತ್ತರದ ಕಬ್ಬಿಣದ ಸೇತುವೆಯನ್ನು ಕಟ್ಟಿ, 1874ರಲ್ಲಿ ದಾರಿಯನ್ನು ಮುಂದಕ್ಕೆ ಒಯ್ದರು. 1890ರ ಹೊತ್ತಿಗೆ ಟ್ಯಾವಿಸ್ಟಾಕ್ ಊರಿನ ಮೇಲೆ ಪ್ಲಿಮತ್‌ಗೆ ಸ್ವಂತ ದಾರಿ ಪೂರ್ತಿಯಾಯಿತು. 1926ರಿಂದ 1964ರವರೆಗೆ ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಟ ಅಟ್ಲಾಂಟಿಕ್ ಕೋಸ್ಟ್ ಎಕ್ಸ್‌ಪ್ರೆಸ್ ಎಂಬ ಹೆಸರಾದ ರೈಲಿನ ಗಾಡಿಗಳು ಇದೇ ಊರನ್ನು ಹಾದು ಕಡಲ ತೀರದ ಊರುಗಳಿಗೆ ಹೋಗುತ್ತಿದ್ದುವು.

ಆ ಕಂಪನಿ ಇನ್ನೊಂದು ಕೆಲಸವನ್ನೂ ಮಾಡಿತು. ಮೆಲ್ಡನ್ನಿನ ಬೆಟ್ಟದಲ್ಲಿ ಗಟ್ಟಿಯಾದ ಕಲ್ಲಿದ್ದಿತು. ಕಂಬಿಗಳ ಕೆಳಗೆ ಹಾಸುವ ಜಲ್ಲಿಗೆ ಅದು ಬಹಳ ತಕ್ಕದ್ದು. 1897ರಿಂದ ಅಲ್ಲಿ ಕಲ್ಲುಗಣಿಯನ್ನು ತೆರೆದು, ಇಂಗ್ಲೆಂಡಿನ ದಕ್ಷಿಣಭಾಗದ ರೈಲುದಾರಿಗಳಿಗೆಲ್ಲ ಜಲ್ಲಿಯನ್ನು ಕಳುಹಿಸತೊಡಗಿದರು. ಆಗ ಇದು ಯಾರ ಗಮನಕ್ಕೂ ಬರುವಂಥ ದೊಡ್ಡ ಸಂಗತಿಯಾಗಿರಲಿಲ್ಲ. ಮುಂದೆ ಊರಿನ ಭಾಗ್ಯ ಈ ಜಲ್ಲಿಯ ಮೇಲೆಯೇ ನಿಂತಿತೆಂಬುದನ್ನು ವಾಚಕರು ನೋಡುವರು.

ಎರಡನೆಯ ಮಹಾಯುದ್ಧವಾದ ಮೇಲೆ ಬ್ರಿಟನ್ನಿನ ರೈಲುಗಳೆಲ್ಲ ಸರಕಾರದ ವಶಕ್ಕೆ ಬಂದುವು. ಮೋಟಾರುಗಳು ಹೆಚ್ಚಿದುವು, ರೈಲ್ವೆಯ ಲೆಕ್ಕದಲ್ಲಿ ನಷ್ಟ ಬೆಳೆಯಿತು. ಅದನ್ನು ಸರಿಪಡಿಸಲು ನೇಮಕವಾದ ಡಾಕ್ಟರ್ ರಿಚರ್ಡ್ ಬೀಚಿಂಗ್ ಎಂಬುವರು 1963ರ ಮಾರ್ಚಿಯಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ದೇಶದ ರೈಲುದಾರಿಯಲ್ಲಿ ಮೂರರಲ್ಲಿ ಒಂದು ಪಾಲಿನ ಮೇಲೆ ನಡೆಯುವ ಪ್ರಯಾಣ ಒಟ್ಟು ಪ್ರಯಾಣದ ನೂರಕ್ಕೆ ಒಂದು ಪಾಲು ಮಾತ್ರ ಎಂದು ಅವರು ತೋರಿಸಿದರು. ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದರು. ಪ್ಲಿಮತ್‌ಗೆ ಎರಡು ದಾರಿ ಏತಕ್ಕೆ, ಕಡಲ ಕರೆಯ ಒಂದು ದಾರಿ ಸಾಕು ಎಂಬುದು ಅಂದಿನ ನಿರ್ಣಯ.

ಲೆಕ್ಕವೆಂದರೆ ಯಾವ ಗೃಹಸ್ಥನೂ ಅಲ್ಲಗಳೆಯಲಾರನು. ಆದರೆ ಲೆಕ್ಕವನ್ನು ಹಾಕಿದ ರೀತಿಯನ್ನು ವಿಚಾರಿಸಬೇಕು. ಸಣ್ಣ ನಿಲ್ದಾಣದಲ್ಲಿ ಟಿಕೆಟು ಕೊಂಡು ಎಕ್ಸೆಟರ್‌ಗೆ ಹೋದವನು ಅಲ್ಲಿಂದ ಲಂಡನ್ನಿಗೂ ಹೋಗುತ್ತಾನೆ. ಶಾಖೆ ಹೋದರೆ ಆ ದೂರದ ಪ್ರಯಾಣದ ಹಣವೂ ಹೋದೀತೆಂಬುದಕ್ಕೆ ಸಾಕಷ್ಟು ಬೆಲೆ ಕೊಡಲಿಲ್ಲವೆಂಬುದು ಅಂದಿನಿಂದಲೂ ಟೀಕಾಕಾರರು ಹೇಳಿಕೊಂಡು ಬಂದ ಮಾತು. ಇದಕ್ಕಿಂತಲೂ ಮುಖ್ಯವಾದದ್ದು ಇನ್ನೊಂದುಂಟು. ದಾರಿಯನ್ನು ಮುಚ್ಚುವ ಮುನ್ನ ಜನರ ಅಹವಾಲನ್ನು ಕೇಳಲು ಸಾರಿಗೆ ಬಳಕೆದಾರರ ಸಲಹಾ ಸಮಿತಿಯೆಂಬುದಿದ್ದಿತು. ಆದರೆ 1962ರ ಕಾಯಿದೆಯ ಮೇರೆಗೆ ಆ ಸಮಿತಿ ಜನರಿಗಾಗುವ ತೊಂದರೆಯನ್ನು ಮಾತ್ರ ಕೇಳಬಹುದಾಗಿತ್ತು. ರೈಲ್ವೆಯವರ ಜಮಾಖರ್ಚಿನ ಅಂಕಿಗಳು ಸರಿಯೇ ತಪ್ಪೇ ಎಂದು ವಿಚಾರಿಸುವಂತಿರಲಿಲ್ಲ. ಮನೆ ಮಾರಬೇಕೆಂದು ಯಜಮಾನನು ಹೇಳಿದಾಗ, ನಿಮಗೆ ಎಷ್ಟು ದುಃಖವಾದೀತೆಂದು ಮನೆಯವರನ್ನು ಕೇಳಿ, ಸಾಲದ ಪತ್ರವನ್ನು ಮಾತ್ರ ತೋರಿಸದಿದ್ದರೆ ಹೇಗೋ ಹಾಗಾಯಿತು ಇದು.

1968ರ ಮೇ ತಿಂಗಳಲ್ಲಿ ಓಕ್‌ಹ್ಯಾಂಪ್ಟನ್ನಿನಿಂದ ಮುಂದಕ್ಕೆ, ಟ್ಯಾವಿಸ್ಟಾಕ್ ದಾಟಿ ಬೇರ್ ಆಲ್ಸ್ಟನ್ ಎಂಬ ಹಳ್ಳಿಯವರೆಗೆ, ದಾರಿ ಮುಚ್ಚಿತು. ಅದೇ ವರ್ಷ ಹೊಸ ಸಾರಿಗೆ ಕಾಯಿದೆಯೊಂದು ಬಂದು, ಲಾಭ ತಾರದಿದ್ದರೂ ಸಮಾಜಕ್ಕೆ ಬೇಕಾದ ರೈಲುಗಳಿಗೆ ಸರಕಾರ ಸಹಾಯಧನ ಕೊಡಬಹುದೆಂದು ಒಪ್ಪಿತು. ಎಷ್ಟೋ ಶಾಖೆಗಳು ಅದರಿಂದ ಬದುಕಿದುವು. ಓಕ್‌ಹ್ಯಾಂಪ್ಟನ್ನಿನ ಪಾಲಿಗೆ ಮಾತ್ರ ಅದು ಬಹುಕಾಲದ ಆಸರೆಯಾಗಲಿಲ್ಲ. 1972ರ ಜೂನ್ ಮೊದಲ ವಾರದಲ್ಲಿ ಊರಿನ ಕೊನೆಯ ಪ್ರಯಾಣಿಕರ ರೈಲೂ ನಿಂತಿತು.

ಆಮೇಲೆ ಊರಿನವರಿಗೆ ಉಳಿದದ್ದು ರಸ್ತೆ. ಸ್ವಂತ ವಾಹನವಿದ್ದವರು ಹೇಗೋ ಸಾಗಿದರು. ವಯಸ್ಸಾದವರು, ಎಕ್ಸೆಟರ್‌ನಲ್ಲಿ ಓದಬೇಕಾದ ಹುಡುಗರು, ಅಲ್ಲಿ ಸಣ್ಣ ಕೆಲಸಕ್ಕೆ ಹೋಗಬೇಕಾದವರು ಬಸ್ಸನ್ನು ಕಾಯಬೇಕಾಯಿತು. ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದು, ಬೇಸಿಗೆಯಲ್ಲಿ ಕಾರ್ನ್‌ವಾಲ್‌ಗೆ ಹೋಗುವ ಪ್ರವಾಸಿಗರ ಸಾಲಿನಿಂದ ಪೇಟೆಯ ಬೀದಿಯನ್ನು ದಾಟುವುದೇ ಕಷ್ಟವಾಯಿತು. ಕೊನೆಗೆ ಊರನ್ನು ಬಳಸಿ ಹೋಗುವ ಹೆದ್ದಾರಿಯನ್ನು ಮಾಡಿದರು. ಅದು 1988ರಲ್ಲಿ ತೆರೆಯಿತು. ಅದಕ್ಕಾಗಿ ರಾಷ್ಟ್ರೀಯ ಉದ್ಯಾನದ ಅಂಚನ್ನೂ, ಕೋಟೆಯ ಹಿಂದಿನ ಹಳೆಯ ಜಿಂಕೆವನವನ್ನೂ ಕತ್ತರಿಸಬೇಕಾಗಿ ಬಂದು, ದೊಡ್ಡ ವಿವಾದವೇ ನಡೆಯಿತು. ಒಂದು ಗುಡ್ಡದ ಮಗ್ಗುಲಲ್ಲಿ ರಸ್ತೆಗಾಗಿ ಹಣ ಹರಿಯಿತು. ಅಲ್ಲಿಯೇ ಸಮೀಪದಲ್ಲಿ ಕಂಬಿ ತುಕ್ಕು ಹಿಡಿಯುತ್ತ ಬಿದ್ದಿತ್ತು.

ಆದರೆ ಕಂಬಿ ಬಿದ್ದಿತ್ತು ಎಂಬುದೇ ಇಲ್ಲಿನ ಮುಖ್ಯ ಮಾತು. ಮುಚ್ಚಿದ ಉಳಿದ ದಾರಿಗಳಲ್ಲಿ ಕಂಬಿಗಳನ್ನು ಕಿತ್ತು ಮಾರಿದರು, ಸೇತುವೆಗಳನ್ನು ಬಿಚ್ಚಿದರು, ನೆಲವನ್ನು ತುಂಡು ತುಂಡಾಗಿ ವಿಕ್ರಯಿಸಿದರು. ಇಲ್ಲಿ ಹಾಗೆ ಮಾಡಲಾಗಲಿಲ್ಲ. ಏತಕ್ಕೆಂದರೆ ಮೆಲ್ಡನ್ನಿನ ಜಲ್ಲಿಯನ್ನು ಸಾಗಿಸಬೇಕಾಗಿತ್ತು. ಪ್ರಯಾಣಿಕರಿಗಾಗಿ ಉಳಿಯದ ದಾರಿ ಕಲ್ಲಿಗಾಗಿ ಉಳಿಯಿತು. 1990ರ ದಶಕದಲ್ಲಿ ರೈಲ್ವೆಯನ್ನು ಖಾಸಗಿಯವರಿಗೆ ಒಪ್ಪಿಸಿದಾಗ ಗಣಿಯೊಡನೆ ಈ ದಾರಿಯೂ ರೈಲ್ವೆಯ ಕೈಬಿಟ್ಟು ಹೋಯಿತು. ಗಣಿಯ ಕೆಲಸವೂ 2011ರಲ್ಲಿ ನಿಂತಿತು. ಆದರೂ ಕಂಬಿಯನ್ನು ಯಾರೂ ಕೀಳಲಿಲ್ಲ.

ಈ ನಡುವೆ ಡೆವನ್ ಕೌಂಟಿ ಕೌನ್ಸಿಲಿನವರು ಒಂದು ಸಣ್ಣ ಕೆಲಸವನ್ನು ಮಾಡಿದರು. ಕೌಂಟಿ ಕೌನ್ಸಿಲೆಂದರೆ ನಮ್ಮಲ್ಲಿ ಹಿಂದೆ ಇದ್ದ ಜಿಲ್ಲಾ ಬೋರ್ಡಿನಂಥ ಸಂಸ್ಥೆ. ಅವರು ಪಾಳುಬಿದ್ದಿದ್ದ ನಿಲ್ದಾಣವನ್ನು ದುರಸ್ತಿ ಮಾಡಿಸಿ, 1997ರಿಂದ ಬೇಸಿಗೆಯ ಭಾನುವಾರಗಳಲ್ಲಿ ಎಕ್ಸೆಟರ್‌ನಿಂದ ಓಕ್‌ಹ್ಯಾಂಪ್ಟನ್ನಿಗೆ ರೈಲುಗಳನ್ನು ಓಡಿಸಲು ಹಣ ಕೊಟ್ಟರು. ವಾರಕ್ಕೊಂದು ದಿನ, ಅದೂ ಬೇಸಿಗೆಯಲ್ಲಿ ಮಾತ್ರ! ಬೆಟ್ಟ ನೋಡಲು ಬರುವವರಿಗೆ ಅದರಿಂದ ಅನುಕೂಲವಾಯಿತಲ್ಲದೆ, ಸೋಮವಾರ ಕೆಲಸಕ್ಕೆ ಹೋಗುವ ಊರಿನವನಿಗೆ ಅದರಿಂದ ಏನೂ ಆಗಲಿಲ್ಲ. ನಗುವವರು ನಕ್ಕಿರಬಹುದು. ಆದರೆ ರೈಲು ಬರುವುದೆಂದ ಮೇಲೆ ದಾರಿಯನ್ನು ಓಡುವ ಸ್ಥಿತಿಯಲ್ಲಿಡಬೇಕು, ಗಿಡಗಂಟಿಗಳನ್ನು ಕಡಿಯಬೇಕು, ಸೇತುವೆಗಳನ್ನು ನೋಡಿಕೊಳ್ಳಬೇಕು. ಹಳೆಯ ರೈಲುಗಳ ಮೋಹವುಳ್ಳ ಸ್ವಯಂಸೇವಕರೂ ಇದಕ್ಕೆ ಕೈಕೊಟ್ಟು ದುಡಿದರು. ಊರಿನ ರೈಲಿಗಾಗಿಯೇ ಏರ್ಪಟ್ಟ ಓಕ್‌ರೈಲ್ ಎಂಬ ಸಂಘದವರು ಸರಕಾರಕ್ಕೂ ರೈಲ್ವೆಗೂ ಬೇಸರವಿಲ್ಲದೆ ಬರೆಯುತ್ತ, ದಿನವೂ ರೈಲು ಬೇಕೆಂದು ಕೇಳುತ್ತ ಬಂದರು.

2014ರ ಫೆಬ್ರವರಿಯಲ್ಲಿ ಪ್ರಕೃತಿಯೇ ಒಂದು ಪಾಠವನ್ನು ಹೇಳಿತು. ಕಡಲ ಕರೆಯ ದಾರಿ ಡಾಲಿಷ್ ಎಂಬ ಊರಿನಲ್ಲಿ ನೀರಿನ ಅಂಚಿಗೇ ಹೋಗುವುದು. ಬಿರುಗಾಳಿಯ ರಾತ್ರಿಯೊಂದರಲ್ಲಿ ತೆರೆಗಳು ಅಲ್ಲಿನ ತಡೆಗೋಡೆಯನ್ನು ಒಡೆದುವು. ಕೆಳಗಣ ನೆಲ ಕೊಚ್ಚಿಹೋಗಿ, ಕಂಬಿಗಳು ಅಂತರದಲ್ಲಿ ತೂಗಾಡಿದುವು. ಏಪ್ರಿಲ್ 4ರವರೆಗೆ ಪ್ಲಿಮತ್‌ಗೂ ಕಾರ್ನ್‌ವಾಲ್‌ಗೂ ರೈಲುಸಂಬಂಧವೇ ಇಲ್ಲವಾಯಿತು. ಒಂದು ದಾರಿ ಸಾಕೆಂದ ಹಳೆಯ ಲೆಕ್ಕದಲ್ಲಿ ಇಂಥ ರಾತ್ರಿಗೆ ಅಂಕಣವಿರಲಿಲ್ಲ. ಆಗ ಓಕ್‌ಹ್ಯಾಂಪ್ಟನ್ ಟ್ಯಾವಿಸ್ಟಾಕ್‌ಗಳ ಮೇಲಿನ ಹಳೆಯ ದಾರಿಯನ್ನು ಪ್ಲಿಮತ್‌ವರೆಗೂ ಮತ್ತೆ ಕಟ್ಟಿದರೆ ಏನು ಬೀಳುವುದೆಂದು ರೈಲ್ವೆಯವರು ಅಂದಾಜು ಮಾಡಿಸಿದರು. ಸುಮಾರು 87½ ಕೋಟಿ ಪೌಂಡುಗಳೆಂದು ಉತ್ತರ ಬಂದಿತು. ಆ ಯೋಜನೆ ಅಲ್ಲಿಗೇ ನಿಂತಿತು. ಆದರೆ ಓಕ್‌ಹ್ಯಾಂಪ್ಟನ್ನಿನವರು ಕೇಳುತ್ತಿದ್ದದ್ದು ಅಷ್ಟು ದೊಡ್ಡದನ್ನಲ್ಲ. ಅವರ ಊರಿನವರೆಗೆ ಕಂಬಿ ಇದ್ದೇ ಇತ್ತು. ಅದನ್ನು ಸರಿಪಡಿಸಿ ರೈಲು ಓಡಿಸಿರಿ ಎಂದಷ್ಟೇ ಅವರ ಕೋರಿಕೆ.

ಇಷ್ಟಾದರೂ ಹಣ ಬೇಗ ಬರಲಿಲ್ಲ. ಇಂಥ ಕೆಲಸಗಳಿಗೆ ಹಣ ಮಂಜೂರು ಮಾಡುವ ಮುನ್ನ ಅಲ್ಲಿನ ಸರಕಾರ, ಹಾಕುವ ಒಂದೊಂದು ಪೌಂಡಿಗೆ ದೇಶಕ್ಕಾಗುವ ಪ್ರಯೋಜನವೆಷ್ಟೆಂದು ಗುಣಿಸಿ ನೋಡುವುದು. ಉಳಿದ ನಿಮಿಷಗಳಿಗೂ ಬೆಲೆ ಕಟ್ಟುವುದುಂಟು. ಜನ ಕಿಕ್ಕಿರಿದ ದೊಡ್ಡ ನಗರದಲ್ಲಿ ಲಕ್ಷ ಜನಕ್ಕೆ ಐದು ನಿಮಿಷ ಉಳಿದರೆ ಆ ಮೊತ್ತ ಬೆಟ್ಟದಷ್ಟಾಗುವುದು. ಸಣ್ಣ ಊರಿನಲ್ಲಿ ಒಬ್ಬ ಹುಡುಗನಿಗೆ ಓದೇ ದಕ್ಕಿದರೂ ಒಬ್ಬ ಮುದುಕಿಗೆ ಆಸ್ಪತ್ರೆ ಹತ್ತಿರವಾದರೂ ಮೊತ್ತ ದೊಡ್ಡದಾಗಿ ಕಾಣದು. ಕಡೆಗೆ 2020ರ ಜನವರಿಯಲ್ಲಿ, ಬೀಚಿಂಗರ ಕಾಲದಲ್ಲಿ ಮುಚ್ಚಿದ ದಾರಿಗಳನ್ನು ಮತ್ತೆ ತೆರೆಯಲೆಂದು ಸರಕಾರ 50 ಕೋಟಿ ಪೌಂಡುಗಳ ನಿಧಿಯೊಂದನ್ನು ಸಾರಿತು. ಹಲವು ಊರುಗಳು ಕೈಚಾಚಿದುವು. ಎಲ್ಲಕ್ಕಿಂತ ಮೊದಲು ತೆರೆದದ್ದು ಓಕ್‌ಹ್ಯಾಂಪ್ಟನ್ನಿನ ದಾರಿ. ಉಳಿದವರು ನೆಲ ಕೊಳ್ಳುವುದರಿಂದ ಮೊದಲುಮಾಡಬೇಕಾಗಿದ್ದಾಗ ಇಲ್ಲಿ ನೆಲವೂ ಸೇತುವೆಗಳೂ ಕಂಬಿಯೂ ಸಿದ್ಧವಾಗಿದ್ದುವು. 2021ರಲ್ಲಿ ಇದಕ್ಕೆ ಗೊತ್ತಾದ ಹಣ 4 ಕೋಟಿ 5 ಲಕ್ಷ ಪೌಂಡು.

ಕೆಲಸ ಮುಗಿಯಲು ಒಂಬತ್ತು ತಿಂಗಳು ಹಿಡಿಯಿತು. ಅದರಲ್ಲಿ 11 ಮೈಲಿ ಹೊಸ ಕಂಬಿಯನ್ನು 20 ದಿನಗಳಲ್ಲಿಯೇ ಹಾಕಿದರು. ಕಂಬಿಯ ಕೆಳಗಿನ ಕಾಂಕ್ರೀಟಿನ ಅಡ್ಡದಿಮ್ಮಿಗಳು 24,000. ಸುರಿದ ಜಲ್ಲಿ 29,000 ಟನ್ನು. ಹೀಗೆಲ್ಲ ಮಾಡಿಯೂ ಗೊತ್ತಾದ ಹಣದಲ್ಲಿ ಸುಮಾರು ಒಂದು ಕೋಟಿ ಪೌಂಡು ಉಳಿಯಿತೆಂಬುದನ್ನು ಓದಿದರೆ, ಸರಕಾರಿ ಕೆಲಸಗಳ ಅಂದಾಜನ್ನು ಬಲ್ಲ ನಮ್ಮ ವಾಚಕರು ಎರಡು ಬಾರಿ ಓದಿಕೊಂಡಾರು. 2021ನೆಯ ನವೆಂಬರ್ 20, ಶನಿವಾರ, ದಿನದಿನದ ರೈಲು ಮತ್ತೆ ಹೊರಟಿತು. ಮೊದಲು ಎರಡು ಗಂಟೆಗೊಂದು. ಮರುವರ್ಷ ಮೇ ತಿಂಗಳಿನಿಂದ ಗಂಟೆಗೊಂದು. ಮೊದಲ ವರ್ಷದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಯಾಣಗಳಾದುವು. ಅಂದಾಜು ಮಾಡಿದವರು ಇದರ ಅರ್ಧವನ್ನೂ ನಿರೀಕ್ಷಿಸಿರಲಿಲ್ಲ. ಊರಿನ ಮೂಡಣ ಅಂಚಿನಲ್ಲಿ, ಹೆದ್ದಾರಿಗೆ ಹತ್ತಿರವಾಗಿ, ಎರಡನೆಯ ನಿಲ್ದಾಣವೊಂದಕ್ಕೂ 2023ರಲ್ಲಿ ಸರಕಾರದ ಹಣ ಮಂಜೂರಾಯಿತು.

ಇಷ್ಟಕ್ಕೆ ಕಥೆ ಸುಖವಾಗಿ ಮುಗಿಯಿತೆಂದು ಹೇಳಬಹುದಾಗಿತ್ತು. ಆದರೆ ಪ್ರಯಾಣಿಕನು ಓಕ್‌ಹ್ಯಾಂಪ್ಟನ್ನಿನಲ್ಲಿಯೇ ನಿಲ್ಲದೆ ಇನ್ನಷ್ಟು ಮುಂದೆ ಹೋಗಬೇಕು. ನಿಲ್ದಾಣದ ಪಕ್ಕದಿಂದಲೇ ಹಳೆಯ ರೈಲಿನ ಜಾಡಿನ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಲಿಡ್‌ಫರ್ಡಿನವರೆಗೆ 11 ಮೈಲಿ ದಾರಿ ಮಾಡಿದ್ದಾರೆ. ಗ್ರಾನೈಟ್ ವೇ ಎಂದು ಅದರ ಹೆಸರು. ಅದು ಮೆಲ್ಡನ್ನಿನ ಕಬ್ಬಿಣದ ಸೇತುವೆಯ ಮೇಲೆಯೇ ಹಾದುಹೋಗುತ್ತದೆ. ಸೇತುವೆಯ ನಡುವೆ ನಿಂತರೆ ಕೆಳಗೆ ಪಶ್ಚಿಮ ಓಕ್‌ಮೆಂಟ್ ಹೊಳೆ, ಒಂದು ಕಡೆ ಗಣಿಯ ಕಡಿದ ಬೆಟ್ಟ, ಎದುರಿಗೆ ಬೋಳು ಬಯಲು, ಗಾಳಿ ಕಿವಿಗಡಚಿಕ್ಕುವುದು. ಒಂದು ಕಾಲಕ್ಕೆ ಇಡೀ ರೈಲು ಹಾದುಹೋಗುತ್ತಿದ್ದ ಕಡೆ ಮಕ್ಕಳು ಸೈಕಲ್ ತುಳಿದು ಹೋಗುವರು. ಲಿಡ್‌ಫರ್ಡ್ ಈಗ ಹಳ್ಳಿ. ಹಿಂದೆ ಅಲ್ಲಿನ ಕೋಟೆಯಲ್ಲಿ ಗಣಿಗಾರರ ಸೆರೆಮನೆಯಿದ್ದಿತು. ಲಿಡ್‌ಫರ್ಡಿನ ನ್ಯಾಯವೆಂದರೆ ಬೆಳಗ್ಗೆ ಗಲ್ಲಿಗೇರಿಸಿ ಮಧ್ಯಾಹ್ನ ವಿಚಾರಣೆ ನಡೆಸುವುದೆಂದು ಆ ಸೀಮೆಯಲ್ಲಿ ಹಳೆಯ ಗಾದೆಯುಂಟು. ಈ ದಾರಿಯ ಚರಿತ್ರೆಯನ್ನು ಬಲ್ಲವರಿಗೆ ಆ ಗಾದೆ ಅಲ್ಲಿ ನೆನಪಾಗದಿರದು.

ಇನ್ನೂ ಮುಂದಿರುವುದು ಟ್ಯಾವಿಸ್ಟಾಕ್. ಓಕ್‌ಹ್ಯಾಂಪ್ಟನ್ನಿಗಿಂತ ದೊಡ್ಡ ಊರು. ಹಿಂದೆ ತಾಮ್ರದ ಗಣಿಗಳಿಂದ ಹೆಸರಾಗಿದ್ದದ್ದು. ಭೂಪ್ರದಕ್ಷಿಣೆ ಮಾಡಿದ ನಾವಿಕ ಫ್ರಾನ್ಸಿಸ್ ಡ್ರೇಕ್ ಹುಟ್ಟಿದ್ದು ಅದರ ಸಮೀಪದಲ್ಲಿ. ಅಲ್ಲಿಂದ ಐದೂವರೆ ಮೈಲಿಯಲ್ಲಿ ಬೇರ್ ಆಲ್ಸ್ಟನ್ನಿಗೆ ಇಂದಿಗೂ ಪ್ಲಿಮತ್‌ನಿಂದ ರೈಲು ಬರುತ್ತಿದೆ. ಜನಸಂಖ್ಯೆಯನ್ನು ನೋಡಿದರೂ, ಪ್ಲಿಮತ್‌ಗೆ ದಿನವೂ ಹೋಗಿಬರುವವರನ್ನು ನೋಡಿದರೂ, ಮೊದಲು ರೈಲು ಸಿಗಬೇಕಾಗಿದ್ದದ್ದು ಈ ಊರಿಗೆ. ಆದರೆ ಇಲ್ಲಿ 1968ರ ಮೇಲೆ ಕಂಬಿ ಉಳಿಯಲಿಲ್ಲ. ಹಳೆಯ ನಿಲ್ದಾಣದ ಕಟ್ಟಡ ಪ್ರವಾಸಿಗರು ತಂಗುವ ಮನೆಯಾಗಿದೆ. ಊರಿನ ಮೇಲೆ ಹಾದುಹೋಗುವ ಎತ್ತರದ ಕಲ್ಲಿನ ಕಮಾನು ಸೇತುವೆಯ ಮೇಲೆ ಜನ ಗಾಳಿಸೇವನೆಗೆ ನಡೆಯುವರು. ಹೊಸ ಬಡಾವಣೆಯಲ್ಲಿ ನೂರಾರು ಮನೆಗಳನ್ನು ಕಟ್ಟುವವರಿಂದ ರೈಲಿಗಾಗಿ ಹಣ ಪಡೆಯಬೇಕೆಂದು ಕೌಂಟಿ ಕೌನ್ಸಿಲು ಒಂದು ಏರ್ಪಾಟನ್ನು ಯೋಚಿಸಿತು. ಅದೊಂದರಿಂದಲೇ ಪೂರೈಸುವಂತಿರಲಿಲ್ಲ. ಬಳಿಕ 2020ರ ಸರಕಾರಿ ನಿಧಿಯಲ್ಲಿ ಈ ಐದೂವರೆ ಮೈಲಿಗೂ ಆಸೆ ಮೂಡಿತು. 2024ರ ಜುಲೈಯಲ್ಲಿ ಹೊಸ ಸರಕಾರದ ಅರ್ಥಸಚಿವೆ ರೇಚೆಲ್ ರೀವ್ಸ್ ಅವರು, ಬೊಕ್ಕಸದಲ್ಲಿ ಹಣವಿಲ್ಲವೆಂದು ಆ ಯೋಜನೆಯನ್ನೇ ರದ್ದುಪಡಿಸಿದರು. ಓಕ್‌ಹ್ಯಾಂಪ್ಟನ್ನಿನವರು ರೈಲಿನಲ್ಲಿ ಕುಳಿತು ಮೂರನೆಯ ವರ್ಷ ಕಳೆಯುತ್ತಿದ್ದಾಗ ಟ್ಯಾವಿಸ್ಟಾಕಿನವರು ಮತ್ತೆ ಮೊದಲಿನಿಂದ ಅರ್ಜಿ ಬರೆಯಬೇಕಾಯಿತು.

ಎರಡು ಊರುಗಳೂ ಒಂದೇ ಬೆಟ್ಟದ ಮಗ್ಗುಲಿನವು. ಒಂದೇ ಕಂಪನಿಯ ದಾರಿಯಲ್ಲಿದ್ದವು. ಒಂದೇ ವರದಿಯಿಂದ ಪೆಟ್ಟು ತಿಂದವು. ಒಂದಕ್ಕೆ ರೈಲು ಬಂದು ಇನ್ನೊಂದಕ್ಕೆ ಬಾರದಿರಲು ಊರಿನ ಯೋಗ್ಯತೆ ಕಾರಣವಲ್ಲ. ನಮ್ಮ ಹಳ್ಳಿಗಳಲ್ಲಿ ಬಾವಿಯಿದ್ದ ಮನೆಗಳನ್ನು ನೆನೆದುಕೊಳ್ಳಬಹುದು. ಒಬ್ಬನು ನೀರು ಕಡಮೆಯಾದ ಕಾಲದಲ್ಲಿಯೂ ವರ್ಷಕ್ಕೊಮ್ಮೆ ಒಂದಿಷ್ಟು ಹೂಳನ್ನು ತೆಗೆಸುತ್ತ ಬಂದನು. ಇನ್ನೊಬ್ಬನು ಖರ್ಚು ದಂಡವೆಂದು ಮಣ್ಣು ತುಂಬಿಸಿ ಮೇಲೆ ಕೊಟ್ಟಿಗೆ ಹಾಕಿದನು. ಮಳೆ ಬಂದ ವರ್ಷ ಮೊದಲನೆಯವನಿಗೆ ಹಗ್ಗ ಕೊಡ ತಂದರೆ ಸಾಕು. ಎರಡನೆಯವನು ಕೊಟ್ಟಿಗೆ ಕೆಡವಿ, ಹೊಸದಾಗಿ ತೋಡಿಸಬೇಕು. ಅಷ್ಟು ಹಣ ಹೊಂದುವ ಹೊತ್ತಿಗೆ ಮಳೆಗಾಲವೂ ಕಳೆದಿರುವುದು. ಭಾನುವಾರದ ಆ ಬಡ ರೈಲಿಗೆ ಕೌನ್ಸಿಲಿನವರು ಕೊಟ್ಟ ಹಣವನ್ನು ಆ ಆ ವರ್ಷದ ಲೆಕ್ಕದಲ್ಲಿ ನೋಡಿದರೆ ನಷ್ಟವೆಂದೇ ಬರೆಯಬೇಕು. ಇಪ್ಪತ್ತು ವರ್ಷಗಳ ಲೆಕ್ಕವನ್ನು ಒಟ್ಟಿಗೆ ಬರೆದವರಿಗೆ ಅದು ಹಾಗೆ ತೋರದು.

ಓಕ್‌ಹ್ಯಾಂಪ್ಟನ್ನಿಗೆ ಹೋಗುವವರು ಬೇಸಿಗೆಯಲ್ಲಿ ಹೋಗುವುದು ಮೇಲು. ಡಾರ್ಟ್‌ಮೂರಿನಲ್ಲಿ ಮಳೆಯೂ ಮಂಜೂ ಹೇಳದೆ ಕೇಳದೆ ಬರುವುದರಿಂದ ಆಗಲೂ ಮಳೆಯಂಗಿಯೊಂದನ್ನು ಇಟ್ಟುಕೊಳ್ಳಬೇಕು. ಬಯಲಿನ ಒಂದು ಭಾಗದಲ್ಲಿ ಸೈನ್ಯದವರು ಗುಂಡಿನ ಅಭ್ಯಾಸ ಮಾಡುವುದುಂಟು; ಕೆಂಪು ಬಾವುಟವಿದ್ದ ದಿನ ಆ ಕಡೆ ಕಾಲಿಡಬಾರದು. ಬೆಳಗ್ಗೆ ಕೋಟೆಯನ್ನು ನೋಡಿ, ಮಧ್ಯಾಹ್ನ ಮೆಲ್ಡನ್ ಸೇತುವೆಗೆ ನಡೆದುಹೋಗಿ, ಸಂಜೆಯ ರೈಲಿಗೆ ಎಕ್ಸೆಟರ್‌ಗೆ ಮರಳಬಹುದು. ಟ್ಯಾವಿಸ್ಟಾಕನ್ನೂ ನೋಡಬೇಕೆನ್ನುವವರು ಊರಿನಿಂದ ಬಸ್ಸು ಹಿಡಿಯಬೇಕು. ಅದು ಅವರನ್ನು ಬೆಟ್ಟದ ರಸ್ತೆಯ ತಿರುವುಗಳಲ್ಲೆಲ್ಲ ಸುತ್ತಿಸಿ ಅಲ್ಲಿಗೆ ಮುಟ್ಟಿಸುವುದು.